ಮಳೆ ಬಂದಾಗಲೇ ಸೊರಗುತ್ತಿದ್ದ ಕಾರು: ನಾಲ್ಕು ಕೋಡ್‌ಗಳ ಒಂದು ಪ್ರಕರಣ

ಶಿವಮೊಗ್ಗದ ಒಂದು ಸಣ್ಣ ಗ್ಯಾರೇಜಿನಲ್ಲಿ ನಾನು ಕಾರುಗಳ ಎಲೆಕ್ಟ್ರಿಕಲ್ ಕೆಲಸ ನೋಡಿಕೊಳ್ಳುತ್ತೇನೆ. ಇದು ಒಂದು ಮಳೆಗಾಲದಲ್ಲಿ ನಮ್ಮಲ್ಲಿಗೆ ಬಂದ ಕಾರಿನ ಪ್ರಕರಣ. ಮಾಲೀಕರ ಹೆಸರು, ಊರು, ಕಾರಿನ ಕಂಪನಿ ಯಾವುದನ್ನೂ ಇಲ್ಲಿ ಹೇಳುವುದಿಲ್ಲ. ಮಾಲೀಕರನ್ನು ಮೇಷ್ಟ್ರು ಎಂದು ಕರೆಯುತ್ತೇನೆ. ಮೊದಲು ಕೆಲಸ ಮಾಡಿದ ಗ್ಯಾರೇಜುಗಳನ್ನು ದೂರುವುದಕ್ಕೆ ಇದನ್ನು ಬರೆಯುತ್ತಿಲ್ಲ. ನಾನೂ ಇದರಲ್ಲಿ ಒಂದು ತಪ್ಪು ಮಾಡಿದ್ದೇನೆ, ಅದನ್ನೂ ಬರೆಯುತ್ತೇನೆ.

ಕಾರು ಮತ್ತು ದೂರು

2016ರ ಪೆಟ್ರೋಲ್ ಹ್ಯಾಚ್‌ಬ್ಯಾಕ್. 1.2 ಲೀಟರ್ ಎಂಜಿನ್, ಹೊಗೆಯ ನಿಯಮದ ಲೆಕ್ಕದಲ್ಲಿ ಬಿಎಸ್ 4. ಓಡಿದ್ದು ಸುಮಾರು 78 ಸಾವಿರ ಕಿಲೋಮೀಟರ್. ಸರ್ವಿಸ್ ಸರಿಯಾಗಿ ಆಗಿತ್ತು, ಆಯಿಲ್ ಚೆನ್ನಾಗಿತ್ತು, ಬ್ಯಾಟರಿ ಹೊಸದು.

ಓಡುತ್ತಿರುವಾಗ ಇದ್ದಕ್ಕಿದ್ದಂತೆ ಪಿಕಪ್ ಹೋಗುತ್ತಿತ್ತು. ಪೆಡಲ್ ಪೂರ್ತಿ ಒತ್ತಿದರೂ ಎಂಜಿನ್ ಏರುತ್ತಿರಲಿಲ್ಲ. ಚೆಕ್ ಎಂಜಿನ್ ಲೈಟ್ ಹತ್ತುತ್ತಿತ್ತು. ಎಂಜಿನ್ ನಿಲ್ಲುತ್ತಿರಲಿಲ್ಲ, ಆದರೆ ಕಾರು ತೆವಳಿಕೊಂಡು ಹೋಗುತ್ತಿತ್ತು. ಬದಿಗೆ ನಿಲ್ಲಿಸಿ, ಕೀ ತೆಗೆದು, ಒಂದು ನಿಮಿಷ ಬಿಟ್ಟು ಸ್ಟಾರ್ಟ್ ಮಾಡಿದರೆ ಎಲ್ಲ ಸರಿ.

"ಮಳೆ ಬಂದಾಗಲೇ ಜಾಸ್ತಿ ಹೀಗಾಗೋದು" ಎಂದರು ಮೇಷ್ಟ್ರು. ಒಮ್ಮೆ ಏರಿನಲ್ಲಿ, ಹಿಂದೆ ಲಾರಿ ಬರುತ್ತಿದ್ದಾಗ ಹೀಗಾಗಿತ್ತಂತೆ. ಆವತ್ತು ಮಗಳು ಪಕ್ಕದ ಸೀಟಿನಲ್ಲಿದ್ದಳು. ಆಮೇಲೆ ಅವರು ಮಳೆ ಬಂದ ದಿನ ಬಸ್ಸಿನಲ್ಲೇ ಶಾಲೆಗೆ ಹೋಗಲು ಶುರು ಮಾಡಿದ್ದರು. ನಮಗೆ ಇಂಥ ಕಾರು ಒಂದು ಜಾಬ್ ಕಾರ್ಡ್, ಅಷ್ಟೇ. ಓಡಿಸುವವರಿಗೆ ಅದು ಪ್ರತಿ ತಿರುವಿನಲ್ಲೂ ಕಾಡುವ ಭಯ.

ಅಲ್ಲಿಯವರೆಗೆ ಆಗಿದ್ದ ಕೆಲಸ

ಮೊದಲ ಗ್ಯಾರೇಜಿನಲ್ಲಿ, ಕಾರಿನ ಕಂಪ್ಯೂಟರ್ ಬರೆದಿಟ್ಟ ದೋಷದ ಕೋಡ್ ಓದುವ ಸ್ಕ್ಯಾನರ್ ಹಾಕಿದಾಗ ಪಿ2138 ಬಂದಿತ್ತು. ಇದು ಆಕ್ಸಿಲರೇಟರ್ ಪೆಡಲ್‌ನ ಕೋಡ್. ಹೊಸ ಪೆಡಲ್ ಹಾಕಿದರು, ಕೋಡ್ ಅಳಿಸಿದರು. ಹನ್ನೊಂದು ದಿನ ಕಾರು ಸರಿಯಾಗಿತ್ತು. ಆ ಹನ್ನೊಂದು ದಿನ ಮಳೆ ಬಿಡುವು ಕೊಟ್ಟಿತ್ತು ಎನ್ನುವುದು ಆಗ ಯಾರ ಗಮನಕ್ಕೂ ಬರಲಿಲ್ಲ.

ಎರಡನೇ ಗ್ಯಾರೇಜಿನಲ್ಲಿ ಪಿ0107 ಕಂಡಿತು. ಇದು ಮ್ಯಾಪ್ ಸೆನ್ಸಾರ್, ಅಂದರೆ ಎಂಜಿನ್ನಿನ ಇನ್‌ಟೇಕ್‌ನಲ್ಲಿರುವ ಗಾಳಿಯ ಒತ್ತಡ ಅಳೆಯುವ ಸೆನ್ಸಾರ್‌ನ ಸಿಗ್ನಲ್ ತೀರಾ ಕಡಿಮೆ ಎಂಬ ಕೋಡ್. ಅವರು ಮ್ಯಾಪ್ ಸೆನ್ಸಾರ್ ಬದಲಿಸಿದರು. "ಎಂಜಿನ್ ಆಫ್ ಇದ್ದಾಗ 100 ತೋರಿಸಬೇಕಿತ್ತು, 94 ತೋರಿಸ್ತಿದೆ, ಅದಕ್ಕೇ ಕೆಟ್ಟಿದೆ" ಎಂದಿದ್ದರಂತೆ. ಇಲ್ಲಿ ಒಂದು ಮಾತು ಹೇಳಲೇಬೇಕು. ಎಂಜಿನ್ ಆಫ್ ಇದ್ದಾಗ ಮ್ಯಾಪ್ ತೋರಿಸುವುದು ಹೊರಗಿನ ಗಾಳಿಯ ಒತ್ತಡವನ್ನು, ಊರು ಎತ್ತರದಲ್ಲಿದ್ದಷ್ಟೂ ಅದು ಕಡಿಮೆ. 100 ಕಿಲೋಪ್ಯಾಸ್ಕಲ್ ಎನ್ನುವುದು ಮಂಗಳೂರು, ಕಾರವಾರದಂಥ ಕಡಲ ಮಟ್ಟದ ಊರಿನ ಲೆಕ್ಕ. ಶಿವಮೊಗ್ಗ ಸುಮಾರು 570 ಮೀಟರ್ ಎತ್ತರದಲ್ಲಿದೆ. ಇಲ್ಲಿ 94, 95 ಬಂದರೆ ಸೆನ್ಸಾರ್ ಸರಿಯಾಗಿದೆ ಎಂದೇ ಅರ್ಥ. ಬೆಂಗಳೂರಿನಲ್ಲಿ 91ರ ಹತ್ತಿರ ಬರುತ್ತದೆ, ಮಡಿಕೇರಿಯಲ್ಲಿ 88ರ ಆಸುಪಾಸು. ನಮ್ಮ ಊರಿನ ಎತ್ತರ ಗೊತ್ತಿಲ್ಲದೆ ಒಳ್ಳೆಯ ಸೆನ್ಸಾರ್‌ಗಳನ್ನು ಬಿಚ್ಚಿ ಎಸೆಯುವುದನ್ನು ನಾನು ತುಂಬ ಸಲ ನೋಡಿದ್ದೇನೆ.

ಮೂರನೇ ಕಡೆ ಇಸಿಯು, ಅಂದರೆ ಎಂಜಿನ್ ನಡೆಸುವ ಕಂಪ್ಯೂಟರ್, ಬದಲಿಸಬೇಕು ಎಂದರು. ಬೇರೆ ಬೇರೆ ಕೋಡ್ ಬರುತ್ತಿವೆ, ಪಾರ್ಟ್ ಹಾಕಿದರೂ ನಿಲ್ಲುತ್ತಿಲ್ಲ, ಹಾಗಾಗಿ ಕಂಪ್ಯೂಟರೇ ಹೋಗಿದೆ ಎನ್ನುವುದು ಅವರ ವಾದ. ನಲವತ್ತು ಸಾವಿರದ ಹತ್ತಿರದ ಲೆಕ್ಕ ಕೊಟ್ಟಿದ್ದರು. ಆಗಲೇ ಹದಿನೆಂಟು ಸಾವಿರ ಖರ್ಚಾಗಿತ್ತು. ಮೇಷ್ಟ್ರು ಅಲ್ಲಿಂದ ಕಾರು ವಾಪಸ್ ತಂದರು. ಒಳ್ಳೆಯದಾಯಿತು, ಏಕೆಂದರೆ ಆ ಮೂರನೇ ಗ್ಯಾರೇಜಿನವರು ಕೋಡ್ ಅಳಿಸಿರಲಿಲ್ಲ.

ಕೋಡ್‌ಗಳನ್ನು ಒಟ್ಟಿಗೆ ಇಟ್ಟು ನೋಡಿದಾಗ

ನಮ್ಮ ದೇಶದಲ್ಲಿ ಬಿಎಸ್ 4 ಕಾರುಗಳಿಗೆ ಒಬಿಡಿ 2, ಅಂದರೆ ಕಾರು ತನ್ನ ದೋಷವನ್ನು ತಾನೇ ಗುರುತಿಸಿ ಕೋಡ್ ಬರೆದಿಡುವ ವ್ಯವಸ್ಥೆ, ಕಡ್ಡಾಯವಾದದ್ದು 2013ರ ಏಪ್ರಿಲ್‌ನಿಂದ. ಅಂಥ ಕಾರಿನಲ್ಲಿ ಸ್ಟೇರಿಂಗ್ ಕೆಳಗೆ 16 ಪಿನ್ನಿನ ಸಾಕೆಟ್ ಇರುತ್ತದೆ. ಯಾವ ಸ್ಕ್ಯಾನರ್ ಹಾಕಿದರೂ 'ಪಿ0' ಎಂದು ಶುರುವಾಗುವ ಕೋಡ್‌ಗಳಿಗೆ ಎಲ್ಲ ಕಂಪನಿಗಳಲ್ಲೂ ಒಂದೇ ಅರ್ಥ. ಈ ಪ್ರಕರಣದ 'ಪಿ21' ಸಾಲಿನ ಕೋಡ್‌ಗಳಿಗೂ ಹಾಗೇ.

ನಾನು ಸ್ಕ್ಯಾನರ್ ಹಾಕಿದಾಗ ನಾಲ್ಕು ಕೋಡ್ ಇದ್ದವು. ಅಳಿಸುವ ಮೊದಲು ಎಲ್ಲವನ್ನೂ ಬರೆದುಕೊಂಡೆ.

ಪಿ2122: ಪೆಡಲ್‌ನ ಮೊದಲ ಸೆನ್ಸಾರ್‌ನ ಸಿಗ್ನಲ್ ಕಡಿಮೆ.
ಪಿ2138: ಪೆಡಲ್‌ನ ಎರಡು ಸೆನ್ಸಾರ್‌ಗಳ ಮಾತು ಒಂದಕ್ಕೊಂದು ತಾಳೆಯಾಗುತ್ತಿಲ್ಲ.
ಪಿ0107: ಮ್ಯಾಪ್ ಸೆನ್ಸಾರ್ ಸಿಗ್ನಲ್ ಕಡಿಮೆ.
ಪಿ0532: ಎಸಿ ಗ್ಯಾಸ್ ಒತ್ತಡದ ಸೆನ್ಸಾರ್ ಸಿಗ್ನಲ್ ಕಡಿಮೆ.

ನಾಲ್ಕನೆಯದನ್ನು ಇಲ್ಲಿಯವರೆಗೆ ಯಾರೂ ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ. ಅದು ಎಸಿಯ ಕೋಡ್ ಅಲ್ವಾ, ಎಂಜಿನ್ನಿಗೂ ಅದಕ್ಕೂ ಏನು ಸಂಬಂಧ ಎಂದು ಬಿಟ್ಟಿದ್ದರು. ನನಗೆ ಮೊದಲು ಕಣ್ಣಿಗೆ ಬಿದ್ದದ್ದೇ ಅದು. ಪೆಡಲ್ ಕಾಲ ಬುಡದಲ್ಲಿದೆ, ಮ್ಯಾಪ್ ಸೆನ್ಸಾರ್ ಎಂಜಿನ್ ಮೇಲಿದೆ, ಎಸಿ ಸೆನ್ಸಾರ್ ರೇಡಿಯೇಟರ್ ಪಕ್ಕದಲ್ಲಿದೆ. ಒಂದಕ್ಕೊಂದು ಸಂಬಂಧವಿಲ್ಲದ ಮೂರು ಪಾರ್ಟ್ ಒಂದೇ ಗಳಿಗೆಯಲ್ಲಿ ಕೆಡುವುದಿಲ್ಲ. ಮೂರೂ 'ಕಡಿಮೆ' ಎಂದೇ ಕೂಗುತ್ತಿವೆ. ಹಾಗಾದರೆ ಮೂರಕ್ಕೂ ಅನ್ನ ಕೊಡುವ ಜಾಗ ಒಂದೇ ಇರಬೇಕು.

ಆ ಜಾಗ 5 ವೋಲ್ಟ್ ರೆಫರೆನ್ಸ್ ಲೈನ್. ಇಂಥ ಸೆನ್ಸಾರ್‌ಗಳು ಬ್ಯಾಟರಿಯ 12 ವೋಲ್ಟಿನಲ್ಲಿ ನೇರವಾಗಿ ಕೆಲಸ ಮಾಡುವುದಿಲ್ಲ. ಇಸಿಯು ತನ್ನೊಳಗೇ ಸರಿಯಾಗಿ 5 ವೋಲ್ಟ್ ತಯಾರಿಸಿ ಅವಕ್ಕೆ ಕೊಡುತ್ತದೆ. ಸೆನ್ಸಾರ್ ಅದರಲ್ಲಿ ಒಂದು ಪಾಲನ್ನು ಸಿಗ್ನಲ್ ಆಗಿ ವಾಪಸ್ ಕಳಿಸುತ್ತದೆ. ಆ 5 ವೋಲ್ಟ್ ಕುಸಿದರೆ ಅದರ ಮೇಲೆ ಇರುವ ಎಲ್ಲ ಸೆನ್ಸಾರ್‌ಗಳ ಸಿಗ್ನಲ್ಲೂ ಒಟ್ಟಿಗೆ ಕುಸಿಯುತ್ತದೆ. ಆಗ ಇಸಿಯು ಪ್ರತಿ ಸೆನ್ಸಾರ್ ಹೆಸರಿನಲ್ಲಿ ಒಂದೊಂದು ಕೋಡ್ ಬರೆದಿಡುತ್ತದೆ. ಅದು ಬರೆಯುವುದು ತನಗೆ ಬಂದ ವೋಲ್ಟೇಜ್ ಏನು ಎಂಬುದನ್ನು ಮಾತ್ರ. ಪಾರ್ಟ್ ಕೆಟ್ಟಿದೆಯೋ, ತಂತಿ ಕೆಟ್ಟಿದೆಯೋ ಅದಕ್ಕೆ ಗೊತ್ತಾಗುವುದಿಲ್ಲ. ರೆಫರೆನ್ಸ್ ಲೈನಿಗೇ ಪಿ0641 ಎಂಬ ಬೇರೆ ಕೋಡ್ ಇದೆ. ಆದರೆ ಎಲ್ಲ ಕಾರುಗಳ ಇಸಿಯುವೂ ಅದನ್ನು ಕೊಡುವುದಿಲ್ಲ, ಇದರಲ್ಲೂ ಬಂದಿರಲಿಲ್ಲ.

ಇನ್ನೊಂದು ಸುಳಿವೂ ಇತ್ತು. ಪೆಡಲ್‌ನ ಮೊದಲ ಸೆನ್ಸಾರ್‌ಗೆ ಮಾತ್ರ ಕೋಡ್, ಎರಡನೆಯದಕ್ಕೆ ಇಲ್ಲ. ಒಂದು ಲೈನ್ ಹೋದರೂ ಇನ್ನೊಂದು ಇರಲಿ ಎಂದು ಪೆಡಲ್‌ನ ಎರಡು ಸೆನ್ಸಾರ್‌ಗೆ ಎರಡು ಬೇರೆ ಲೈನ್ ಕೊಟ್ಟಿರುತ್ತಾರೆ. ಪರಿಚಯದ ಒಬ್ಬರಿಂದ ಈ ಮಾಡೆಲ್‌ನ ವೈರಿಂಗ್ ಡಯಾಗ್ರಾಮ್ ತರಿಸಿ ನೋಡಿದೆ. ಹಾಗೇ ಇತ್ತು. ಒಂದನೇ ಲೈನಿನಲ್ಲಿ ಪೆಡಲ್‌ನ ಮೊದಲ ಸೆನ್ಸಾರ್, ಮ್ಯಾಪ್, ಎಸಿ ಸೆನ್ಸಾರ್. ಎರಡನೇ ಲೈನಿನಲ್ಲಿ ಪೆಡಲ್‌ನ ಎರಡನೇ ಸೆನ್ಸಾರ್ ಮತ್ತು ಎಂಜಿನ್ನಿಗೆ ಗಾಳಿ ಬಿಡುವ ಥ್ರಾಟಲ್. ಕೋಡ್‌ಗಳು ಒಂದನೇ ಲೈನಿಗೆ ಅಚ್ಚುಕಟ್ಟಾಗಿ ಕೂತವು.

ಫ್ರೀಜ್ ಫ್ರೇಮ್, ಅಂದರೆ ಕೋಡ್ ಬಿದ್ದ ಗಳಿಗೆಯ ದಾಖಲೆ, ಅದನ್ನೂ ನೋಡಿದೆ. ವೇಗ 28 ಕಿಲೋಮೀಟರ್, ಎಂಜಿನ್ ಬಿಸಿ 92 ಡಿಗ್ರಿ, ವೋಲ್ಟೇಜ್ 13.9. ಚಾರ್ಜಿಂಗ್ ಚೆನ್ನಾಗಿದೆ. ಎಂಜಿನ್ ಪೂರ್ತಿ ಬಿಸಿಯಾದ ಮೇಲೆ, ನಿಧಾನ ಹೋಗುವಾಗ ಆಗಿದೆ. 28 ಎಂದರೆ ಹಂಪ್ ದಾಟುವ ಅಥವಾ ಗುಂಡಿ ತಪ್ಪಿಸುವ ವೇಗ. ಈ ಅಂಕಿಯನ್ನು ಬರೆದುಕೊಂಡೆ. ಆದರೆ ಅದರ ಮೇಲೆ ಇನ್ನಷ್ಟು ಯೋಚಿಸಬೇಕಿತ್ತು.

ನನ್ನ ತಪ್ಪು

ಮ್ಯಾಪ್ ಸೆನ್ಸಾರ್ ಕಪ್ಲರ್‌ನಲ್ಲಿ, ಅಂದರೆ ತಂತಿಗಳು ಬಂದು ಸೇರುವ ಪ್ಲಗ್‌ನಲ್ಲಿ, ಅಳೆದಾಗ 4.98 ವೋಲ್ಟ್ ಇತ್ತು. ಸರಿಯಾಗೇ ಇದೆ. ಮಳೆ ಎಂದು ಮೇಷ್ಟ್ರು ಹೇಳಿದ್ದರಿಂದ ನನ್ನ ತಲೆಯಲ್ಲಿ ನೀರೇ ಕೂತಿತ್ತು. ಪೈಪ್ ಹಿಡಿದು ಮುಂದಿನ ಜಾಲರಿಗೆ, ಕಪ್ಲರ್‌ಗಳಿಗೆ ನೀರು ಹೊಡೆದೆವು. ವೋಲ್ಟ್ ಅಲ್ಲಾಡಲಿಲ್ಲ. ಎಂಜಿನ್ ಮೇಲಿನ ವೈರಿಂಗ್ ಕೈಯಲ್ಲಿ ಹಿಡಿದು ಅಲುಗಿಸಿ ನೋಡಿದೆವು. ಏನೂ ಆಗಲಿಲ್ಲ.

ಕೊನೆಗೆ ಎಸಿ ಸೆನ್ಸಾರ್‌ನ ಕಪ್ಲರ್ ಬಿಚ್ಚಿದೆ. ಪಿನ್ನುಗಳ ಮೇಲೆ ಹಸಿರು ಕಿಲುಬು. ಇಂಥ ಸೆನ್ಸಾರ್ ಒಳಗೇ ಶಾರ್ಟ್ ಆಗಿ ಇಡೀ 5 ವೋಲ್ಟ್ ಲೈನನ್ನು ಎಳೆದು ಬೀಳಿಸುವುದು ನಮ್ಮ ಕೆಲಸದಲ್ಲಿ ಹೊಸದಲ್ಲ. ಇದೇ ಇರಬೇಕು ಎಂದುಕೊಂಡೆ. ಪಿನ್ ಸ್ವಚ್ಛ ಮಾಡಿ, ಹೊಸ ಎಸಿ ಸೆನ್ಸಾರ್ ಹಾಕಿ, ಕೋಡ್ ಅಳಿಸಿ ಕಾರು ಕಳಿಸಿದೆ.

ಆರು ದಿನ ಫೋನ್ ಬರಲಿಲ್ಲ. ಏಳನೇ ದಿನ ಬಂತು. "ಅದೇ ಕತೆ ಕಣ್ರೀ" ಎಂದರು ಮೇಷ್ಟ್ರು. ಬೈಯಲಿಲ್ಲ. ಆ ಸುಸ್ತಾದ ದನಿ ಕೇಳಿ ನನಗೆ ಜಾಸ್ತಿ ಬೇಜಾರಾಯಿತು.

ತಪ್ಪು ಎಲ್ಲಿ ಆಯಿತು ಎಂದು ಆವತ್ತು ರಾತ್ರಿ ಕೂತು ಯೋಚಿಸಿದೆ. ಯಾವ ಲೈನ್ ಎಂಬುದನ್ನು ಸರಿಯಾಗೇ ಹಿಡಿದಿದ್ದೆ. ಆದರೆ ದೋಷ ನನ್ನ ಕಣ್ಣೆದುರಿಗೆ ಒಮ್ಮೆಯೂ ಬಂದಿರಲಿಲ್ಲ. ಬಾರದ ದೋಷವನ್ನು ರಿಪೇರಿ ಮಾಡಿದ್ದೆ. ಮೀಟರ್‌ನಲ್ಲಿ 5 ವೋಲ್ಟ್ ಬೀಳುವುದನ್ನು ನೋಡಿ, ಸೆನ್ಸಾರ್ ಬಿಚ್ಚಿದ ಕೂಡಲೇ ಅದು ಎದ್ದು ನಿಲ್ಲುವುದನ್ನು ನೋಡಿದ್ದರೆ ಆ ಸೆನ್ಸಾರ್ ಮೇಲೆ ತಪ್ಪು ಹೊರಿಸಬಹುದಿತ್ತು. ನಾನು ಕಿಲುಬು ನೋಡಿ ತೀರ್ಮಾನ ಮಾಡಿದ್ದೆ. ಮೊದಲಿನವರು ಕೋಡ್ ನೋಡಿ ತೀರ್ಮಾನ ಮಾಡಿದ್ದರು. ಎರಡಕ್ಕೂ ಅಂಥ ವ್ಯತ್ಯಾಸವಿಲ್ಲ.

ಒಂದು ಪ್ರಶ್ನೆ

ಕಾರು ವಾಪಸ್ ಬಂದಾಗ ಸ್ಕ್ಯಾನರ್ ಮುಟ್ಟುವ ಮೊದಲು ಮೇಷ್ಟ್ರ ಜೊತೆ ಟೀ ಕುಡಿಯುತ್ತಾ ಕೇಳಿದೆ. "ಮೇಷ್ಟ್ರೇ, ಮಳೆ ಬಂದಾಗ ಕಾರಿನಲ್ಲಿ ನೀವು ಏನೇನು ಹಾಕ್ತೀರಿ? ಒಂದೊಂದೇ ಹೇಳಿ."

"ವೈಪರ್ ಹಾಕ್ತೀನಿ. ಲೈಟು. ಆಮೇಲೆ ಎಸಿ. ಇಲ್ಲದಿದ್ರೆ ಗಾಜೆಲ್ಲ ಮಂಜಾಗುತ್ತೆ."

"ಬಿಸಿಲಿದ್ದಾಗ?"

"ಇಲ್ಲಪ್ಪ, ನಮಗೇನು ಬೆಂಗಳೂರಾ? ಕಿಟಕಿ ಇಳಿಸ್ತೀನಿ, ಅಷ್ಟೇ."

ನಾನು ಇಷ್ಟು ದಿನ ನೀರಿನ ಹಿಂದೆ ಓಡಿದ್ದೆ. ಮಳೆ ಬಂದಾಗ ಎಸಿ ಹಾಕುತ್ತಾರೆ. ಎಸಿ ಹಾಕಿದರೆ ರೇಡಿಯೇಟರ್ ಮುಂದಿನ ಫ್ಯಾನ್ ಓಡುತ್ತದೆ. ಫ್ಯಾನ್ ಓಡಿದರೆ ಅದರ ಚೌಕಟ್ಟು, ಪಕ್ಕದ ತಂತಿ ಎಲ್ಲ ಸಣ್ಣಗೆ ನಡುಗುತ್ತವೆ. ಆ ತಂತಿಗಳ ನಡುವೆಯೇ ಎಸಿ ಸೆನ್ಸಾರ್‌ನ 5 ವೋಲ್ಟ್ ಲೈನ್ ಇದೆ. ಅದರ ಮೇಲೆ ರಸ್ತೆಯ ಹಂಪ್. 28 ಕಿಲೋಮೀಟರ್ ವೇಗ.

ಆವತ್ತು ಬಿಸಿಲಿತ್ತು, ರಸ್ತೆ ಒಣಗಿತ್ತು. ಅದೇ ಒಳ್ಳೆಯದು ಎನಿಸಿತು. ನೀರಿಲ್ಲದೆ ದೋಷ ಬಂದರೆ ನೀರಿನ ಅನುಮಾನ ಮುಗಿಯಿತು. ಮ್ಯಾಪ್ ಕಪ್ಲರ್‌ನ ಹಿಂಬದಿಯಿಂದ ತೆಳು ಪಿನ್ ತೂರಿಸಿ, ಉದ್ದ ತಂತಿ ಎಳೆದು ಮಲ್ಟಿಮೀಟರನ್ನು ಕಾರಿನೊಳಗೆ ತಂದೆ. ಮೀಟರ್‌ನಲ್ಲಿ ಮಿನ್-ಮ್ಯಾಕ್ಸ್ ಬಟನ್ ಇರುತ್ತದೆ. ಅದನ್ನು ಒತ್ತಿದರೆ ಕಂಡ ಅತಿ ಕಡಿಮೆ ವೋಲ್ಟನ್ನು ಅದು ನೆನಪಿಟ್ಟುಕೊಳ್ಳುತ್ತದೆ. ನಮ್ಮ ಹುಡುಗ ಪಕ್ಕದ ಸೀಟಿನಲ್ಲಿ ಮೀಟರ್ ಹಿಡಿದು ಕೂತ.

ಎಸಿ ಆಫ್ ಮಾಡಿ ಒಂದೇ ರಸ್ತೆಯ ಅದೇ ಹಂಪ್‌ಗಳ ಮೇಲೆ ಮೂರು ಸಲ ಹೋದೆವು. ಕನಿಷ್ಠ 4.96. ಎಸಿ ಹಾಕಿ ಹೋದೆವು. ಮೊದಲ ಸುತ್ತಿನಲ್ಲಿ ಏನೂ ಇಲ್ಲ. ಎರಡನೇ ಸುತ್ತಿನ ಎರಡನೇ ಹಂಪ್‌ನಲ್ಲಿ ಹುಡುಗ ಕೂಗಿದ. "ಅಣ್ಣಾ, ಬಿತ್ತು! ಬಿತ್ತು!" 0.14 ವೋಲ್ಟ್. ಅದೇ ಗಳಿಗೆಯಲ್ಲಿ ಪೆಡಲ್ ಸತ್ತುಹೋಯಿತು. ಕಾರು ಬದಿಗೆ ನಿಲ್ಲಿಸಿ ನಾವಿಬ್ಬರೂ ಹಬ್ಬ ಬಂದವರ ಹಾಗೆ ನಕ್ಕೆವು. ದೋಷ ಕೈಗೆ ಸಿಕ್ಕಿತ್ತು.

ಜಾಗ ಹುಡುಕಿದ್ದು

ಶೆಡ್ಡಿಗೆ ತಂದು, ಎಸಿ ಹಾಕಿ ಫ್ಯಾನ್ ಓಡುವಾಗ ಬಾನೆಟ್ ಮುಂದಿನ ಅಡ್ಡಪಟ್ಟಿಯನ್ನು ಒತ್ತಿ ಒತ್ತಿ ಬಿಟ್ಟೆವು. ಕೆಲವು ಸಲ ಬೀಳುತ್ತಿತ್ತು. ಈಗ ಎಸಿ ಸೆನ್ಸಾರ್ ಕಪ್ಲರ್ ಬಿಚ್ಚಿದೆ. ಎಸಿ ಸೆನ್ಸಾರ್ ಬಿಚ್ಚಿದರೆ ಫ್ಯಾನ್ ನಿಲ್ಲಬಹುದು ಎಂದು ಸ್ಕ್ಯಾನರ್‌ನಿಂದ ಫ್ಯಾನ್ ಓಡಿಸಿಟ್ಟೆ. ಆದರೂ ವೋಲ್ಟ್ ಬೀಳುತ್ತಲೇ ಇತ್ತು. ಮ್ಯಾಪ್ ಮತ್ತು ಪೆಡಲ್ ಕಪ್ಲರ್‌ಗಳನ್ನೂ ಬಿಚ್ಚಿ, ತಂತಿಯ ಕಡೆಯಿಂದ ಅಳೆದೆ. ಆಗಲೂ ಬೀಳುತ್ತಿತ್ತು. ಮೂರು ಸೆನ್ಸಾರ್‌ಗಳೂ ಲೈನಿನಲ್ಲಿಲ್ಲ, ಆದರೂ ಲೈನ್ ಬೀಳುತ್ತಿದೆ. ಈಗ ಉಳಿದದ್ದು ತಂತಿ ಮತ್ತು ಇಸಿಯು.

ಇಸಿಯುವನ್ನೂ ಬಿಡಲಿಲ್ಲ. ಬ್ಯಾಟರಿ ತೆಗೆದು, ಇಸಿಯು ಕಪ್ಲರ್ ಬಿಚ್ಚಿ, ಆ ತಂತಿಗೂ ಬಾಡಿ ಅರ್ತ್‌ಗೂ ನಡುವೆ ಓಮ್ ಅಳೆದೆ. ಸುಮ್ನೆ ಇದ್ದಾಗ ಮೀಟರ್ ಏನೂ ತೋರಿಸಲಿಲ್ಲ. ರೇಡಿಯೇಟರ್ ಬಲಬದಿಯ ವೈರಿಂಗ್ ಕಟ್ಟನ್ನು ಒತ್ತಿದರೆ 0.6 ಓಮ್, ಅಂದರೆ ತಂತಿ ಬಾಡಿಗೆ ತಾಗುತ್ತಿದೆ. ಇಸಿಯು ಕಾರಿಗೆ ಕೂಡಿಕೊಂಡೇ ಇರಲಿಲ್ಲ, ಆದರೂ ಶಾರ್ಟ್ ಇತ್ತು. ನಲವತ್ತು ಸಾವಿರದ ಪ್ರಶ್ನೆಗೆ ಉತ್ತರ ಅಲ್ಲೇ ಸಿಕ್ಕಿತು.

ಬಂಪರ್ ಬಿಚ್ಚಿದೆವು. ವೈರಿಂಗ್ ಕಟ್ಟನ್ನು ಹಿಡಿದಿಡಬೇಕಾದ ಪ್ಲಾಸ್ಟಿಕ್ ಕ್ಲಿಪ್ ಅಲ್ಲಿರಲಿಲ್ಲ. ಕಟ್ಟು ಜೋತುಬಿದ್ದು ಫ್ಯಾನ್ ಪಕ್ಕದ ಕಬ್ಬಿಣದ ಬ್ರಾಕೆಟ್ಟಿನ ಅಂಚಿಗೆ ಒರಗಿತ್ತು. ಒಂದು ತಂತಿಯ ಹೊದಿಕೆ ಅಕ್ಕಿ ಕಾಳಿನಷ್ಟು ಸವೆದು ತಾಮ್ರ ಹೊಳೆಯುತ್ತಿತ್ತು. ಎದುರಿಗೆ ಬ್ರಾಕೆಟ್ಟಿನ ಪೇಂಟೂ ಅಷ್ಟೇ ಅಗಲಕ್ಕೆ ಸವೆದಿತ್ತು.

"ಮೇಷ್ಟ್ರೇ, ಈ ಬಂಪರ್ ಯಾವಾಗಲಾದರೂ ಬಿಚ್ಚಿಸಿದ್ರಾ?" ಅವರು ಸ್ವಲ್ಪ ಯೋಚಿಸಿದರು. ಹದಿನಾಲ್ಕು ತಿಂಗಳ ಹಿಂದೆ ಮನೆಯ ಗೇಟಿಗೆ ತಾಗಿ ಬಂಪರ್ ಒಡೆದಿತ್ತು. ಟಿಂಕರಿಂಗ್ ಮಾಡಿಸಿ ಪೇಂಟ್ ಹೊಡೆಸಿದ್ದರು. ಎಂಜಿನ್ ತೊಂದರೆಗೂ ಅದಕ್ಕೂ ಸಂಬಂಧ ಇರಬಹುದು ಎಂದು ಅವರಿಗೆ ಹೇಗೆ ಹೊಳೆಯಬೇಕು? ಕೇಳಬೇಕಾದವರು ನಾವು. ನಾಲ್ಕು ಗ್ಯಾರೇಜುಗಳಲ್ಲಿ ಯಾರೂ ಕೇಳಿರಲಿಲ್ಲ. ಕ್ಲಿಪ್ ಹೋದ ದಿನದಿಂದ ತಂತಿ ನಿಧಾನಕ್ಕೆ ಸವೆಯುತ್ತಾ ಬಂದು ಈ ಮಳೆಗಾಲದಲ್ಲಿ ತಾಮ್ರ ಹೊರಬಂದಿತ್ತು.

ರಿಪೇರಿ, ಮತ್ತು ಮೇಷ್ಟ್ರ ಅನುಮಾನ

ಬರೀ ಟೇಪ್ ಸುತ್ತಿ ಬಿಡಲಿಲ್ಲ. ಸವೆದ ಭಾಗ ಕತ್ತರಿಸಿ, ಅದೇ ದಪ್ಪದ ಹೊಸ ತಂತಿ ಸೇರಿಸಿ, ಬೆಸುಗೆ ಹಾಕಿ, ಒಳಗೆ ಅಂಟು ಇರುವ ಹೀಟ್ ಶ್ರಿಂಕ್ ಸ್ಲೀವ್ ಏರಿಸಿದೆವು. ಕಟ್ಟಿಗೆ ಹೊಸ ಕೊಳವೆ, ಹೊಸ ಕ್ಲಿಪ್. ಬ್ರಾಕೆಟ್ಟಿನ ಅಂಚಿಗೆ ರಬ್ಬರ್ ಪಟ್ಟಿ. ಒಂದೂವರೆ ಗಂಟೆಯ ಕೆಲಸ. ಆಮೇಲೆ ಎಸಿ ಹಾಕಿಕೊಂಡು, ಅದೇ ಹಂಪ್‌ಗಳನ್ನೂ ಸೇರಿಸಿ 40 ಕಿಲೋಮೀಟರ್ ಓಡಿಸಿದೆವು, ಮೀಟರ್ ಹುಡುಗನ ಮಡಿಲಲ್ಲೇ. ಕನಿಷ್ಠ 4.97. ದೋಷ ಬರುವ ಸ್ಥಿತಿಯಲ್ಲೇ ಓಡಿಸಿ, ಅದು ಬಾರದಿರುವುದನ್ನು ನೋಡಿದ ಮೇಲೆ ಬಿಲ್ ಬರೆದೆ. ನಾನು ಸುಮ್ಮನೆ ಹಾಕಿದ್ದ ಎಸಿ ಸೆನ್ಸಾರ್‌ನ ದುಡ್ಡು ಹಿಡಿಯಲಿಲ್ಲ.

ಮೇಷ್ಟ್ರು ಒಂದು ಒಳ್ಳೆಯ ಪ್ರಶ್ನೆ ಕೇಳಿದರು. "ಶಾರ್ಟ್ ಆದರೆ ಫ್ಯೂಸ್ ಹೋಗಬೇಕಲ್ವಾ? ನಾಲ್ಕು ಕಡೆಯವರೂ ಫ್ಯೂಸ್ ಸರಿಯಿದೆ ಅಂದರು."

5 ವೋಲ್ಟ್ ಲೈನಿಗೆ ಹೊರಗೆ ಫ್ಯೂಸ್ ಇರುವುದಿಲ್ಲ. ಅದು ಇಸಿಯು ಒಳಗಿಂದ ಬರುತ್ತದೆ, ಅಲ್ಲೇ ಕರೆಂಟಿಗೆ ಮಿತಿ ಇರುತ್ತದೆ. ಶಾರ್ಟ್ ಆದರೆ ವೋಲ್ಟ್ ಬೀಳುತ್ತದೆ, ಶಾರ್ಟ್ ಬಿಟ್ಟರೆ ಎದ್ದು ನಿಲ್ಲುತ್ತದೆ. ಇಸಿಯು ತನ್ನನ್ನು ತಾನು ಕಾಪಾಡಿಕೊಳ್ಳುತ್ತಿತ್ತು, ಅಂಥ ಇಸಿಯುವನ್ನೇ ಎಸೆಯಲು ಹೊರಟಿದ್ದರು. ಪೆಡಲ್ ಮಾತು ನಂಬಲಾಗದಾಗ ಎಂಜಿನ್ನನ್ನು ಏರಲು ಬಿಡದೆ ತೆವಳಿಸಿದ್ದೂ ಅದರ ಕಾವಲು ಕೆಲಸವೇ. ಹಾಗೆ ಮಾಡದಿದ್ದರೆ ಕಾರು ತಾನಾಗೇ ನುಗ್ಗುವ ಅಪಾಯವಿತ್ತು. ಕೀ ತೆಗೆದು ಹಾಕಿದಾಗ ಇಸಿಯು ಮತ್ತೆ ಮೊದಲಿನಿಂದ ಪರೀಕ್ಷಿಸಿಕೊಳ್ಳುತ್ತಿತ್ತು, ಅಷ್ಟರಲ್ಲಿ ತಂತಿ ಬ್ರಾಕೆಟ್ಟಿನಿಂದ ಸರಿದಿರುತ್ತಿತ್ತು.

ಈ ಕೆಲಸ ಕಲಿಯುತ್ತಿರುವ ಹುಡುಗರಿಗೆ ಒಂದೆರಡು ಮಾತು. 5 ವೋಲ್ಟ್ ಲೈನನ್ನು ಬಲ್ಬ್ ಇರುವ ಟೆಸ್ಟ್ ಲ್ಯಾಂಪ್‌ನಿಂದ ನೋಡಬೇಡಿ. ಬಲ್ಬ್ ಎಳೆಯುವ ಕರೆಂಟಿಗೇ ಲೈನ್ ಕುಸಿಯಬಹುದು, ಆಗ ನೀವೇ ಮಾಡಿದ ದೋಷವನ್ನು ಹುಡುಕುತ್ತಾ ಕೂರುತ್ತೀರಿ. ಮೀಟರನ್ನೇ ಬಳಸಿ. ತಂತಿಗೆ ಸೂಜಿ ಚುಚ್ಚಿ ಅಳೆಯುವ ಅಭ್ಯಾಸವನ್ನೂ ಬಿಡಿ. ನಮ್ಮ ಮಲೆನಾಡಿನ ತೇವಕ್ಕೆ ಆ ತೂತಿನಿಂದ ನೀರು ಒಳಗೆ ಹೋಗಿ, ಮುಂದೆ ತಾಮ್ರ ಹಸಿರಾಗಿ ಪುಡಿಯಾಗುತ್ತದೆ. ಮತ್ತೆ, ಕೋಡ್ ಅಳಿಸುವ ಮೊದಲು ಎಲ್ಲವನ್ನೂ, ಸಂಬಂಧವಿಲ್ಲ ಎನಿಸಿದ್ದನ್ನೂ, ಕಾಗದದಲ್ಲಿ ಬರೆದಿಡಿ. ಈ ಕಾರಿನಲ್ಲಿ ದಾರಿ ತೋರಿಸಿದ್ದು ಯಾರಿಗೂ ಬೇಡವಾಗಿದ್ದ ಎಸಿಯ ಕೋಡ್.

ಮೂರು ತಿಂಗಳ ನಂತರ ಮೇಷ್ಟ್ರು ಆಯಿಲ್ ಬದಲಿಸಲು ಬಂದರು. ಸ್ಕ್ಯಾನರ್ ಹಾಕಿದೆ, ಒಂದು ಕೋಡೂ ಇರಲಿಲ್ಲ. ಬಿಚ್ಚಿದ್ದ ಹಳೆಯ ಪೆಡಲ್ ಮತ್ತು ಮ್ಯಾಪ್ ಸೆನ್ಸಾರ್ ಅವರ ಬಳಿಯೇ ಇದ್ದವು, ತರಲು ಹೇಳಿದ್ದೆ. ಟೇಬಲ್ ಮೇಲಿಟ್ಟು 5 ವೋಲ್ಟ್ ಕೊಟ್ಟು ನೋಡಿದೆವು. ಪೆಡಲ್‌ನ ಒಂದು ಸೆನ್ಸಾರ್ 0.74 ವೋಲ್ಟ್, ಇನ್ನೊಂದು ಅದರ ಅರ್ಧ 0.37. ಒತ್ತುತ್ತಾ ಹೋದಂತೆ ಎರಡೂ ಒಂದೇ ಸಮನೆ ಏರಿದವು, ಎಲ್ಲೂ ತಡವರಿಸಲಿಲ್ಲ. ಮ್ಯಾಪ್ ಸೆನ್ಸಾರನ್ನು ಕಾರಿಗೆ ಹಾಕಿ ಕೀ ತಿರುಗಿಸಿದೆ. 94. ಎರಡನ್ನೂ ಪೇಪರಿನಲ್ಲಿ ಸುತ್ತಿ, ಮೇಲೆ 'ಸರಿಯಾಗಿದೆ' ಎಂದು ಬರೆದು ಮೇಷ್ಟ್ರ ಕೈಗೆ ಕೊಟ್ಟೆ. ಹೊರಗೆ ಮಳೆ ಶುರುವಾಗಿತ್ತು. ಅವರು ಎಸಿ ಹಾಕಿಕೊಂಡು ಹೊರಟರು.